ಇರುಳುಗಣ್ಣಿನ ಮಕ್ಕಳನ್ನು ಮಾತ್ರೆ ಕೊಟ್ಟು ಕಳುಹಿಸಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ನೇತ್ರ ತಪಾಸಣಾ ಶಿಬಿರಗಳಿಂದಾಗಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬಡವರಿಗೂ ದೊರಕುತ್ತಿರುವುದು ಸಂತೋಷದ ವಿಷಯ. ಆದರೆ ಇರುಳುಗಣ್ಣಿನ ದೂರು ಹೇಳಿಕೊಂಡು ಬರುವ ಮಕ್ಕಳಿಗೆ ಸೊಪ್ಪು, ಕ್ಯಾರೆಟ್ ತಿನ್ನಲು ಹೇಳಿ, ಹೆಚ್ಚೆಂದರೆ ‘ಎ’ ಜೀವಸತ್ವದ ಮಾತ್ರೆ ಕೊಟ್ಟು ಕಳುಹಿಸುವುದನ್ನು ಕಂಡು ಬೇಸರವಾಗಿದೆ. ಬಯಲಾಟದ ರಂಗಸ್ಥಳದ ಬೆಳಕಿನಲ್ಲಿ ಬಣ್ಣದ ವೇಷದ ಮುಖದ ಗೆರೆಗಳನ್ನೂ ಗುರುತಿಸುವ ಹುಡುಗ, ಆಟ ಮುಗಿದು ಎದ್ದಾಗ ಗದ್ದೆಯಂಚಿನಲ್ಲಿ ಬಿಟ್ಟ ಚಪ್ಪಲಿಯನ್ನು ಕೈಯಿಂದ ತಡವಿ ಹುಡುಕುತ್ತಿದ್ದರೆ, ಅದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯ ಮೊದಲ ಸೂಚನೆಯಾಗಿರುವ ಸಾಧ್ಯತೆಯುಂಟು.

ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ (ರೆಟಿನಾ) ಮಂದ ಬೆಳಕನ್ನು ಗ್ರಹಿಸುವ ಸುಮಾರು 12 ಕೋಟಿ ದಂಡಕೋಶಗಳೂ, ಬಣ್ಣ ಮತ್ತು ಸೂಕ್ಷ್ಮ ವಿವರಗಳನ್ನು ಕಾಣಿಸುವ ಸುಮಾರು 60 ಲಕ್ಷ ಶಂಕುಕೋಶಗಳೂ ಇವೆ. ಬೆಳಕು ಬಿದ್ದೊಡನೆ ದಂಡಕೋಶದ ಫಾಸ್ಫೋಡೈಎಸ್ಟರೇಸ್-6 ಎಂಬ ಕಿಣ್ವವು ಸೈಕ್ಲಿಕ್ ಜಿಎಂಪಿ ಎಂಬ ಅಣುವನ್ನು ಒಡೆಯುತ್ತದೆ. ಆ ಅಣು ಕಡಿಮೆಯಾದಾಗ ಸೋಡಿಯಂ, ಕ್ಯಾಲ್ಸಿಯಂಗಳು ಒಳಬರುವ ಕೋಶಪೊರೆಯ ಮಾರ್ಗಗಳು ಮುಚ್ಚಿಕೊಳ್ಳುತ್ತವೆ. ಈ ಕಿಣ್ವದ ಜೀನ್‌ನಲ್ಲಿ ದೋಷವಿದ್ದರೆ ಸೈಕ್ಲಿಕ್ ಜಿಎಂಪಿ ಶೇಖರವಾಗುತ್ತಾ ಹೋಗಿ, ಆ ಮಾರ್ಗಗಳು ತೆರೆದೇ ಉಳಿದು, ಹಲಗೆ ಹಾಕದ ಕಿಂಡಿ ಅಣೆಕಟ್ಟಿನೊಳಗೆ ಉಪ್ಪುನೀರು ನುಗ್ಗುವಂತೆ ಸೋಡಿಯಂ, ಕ್ಯಾಲ್ಸಿಯಂಗಳು ಕೋಶದೊಳಕ್ಕೆ ಹರಿಯುತ್ತವೆ. ಆಗ ಕ್ಯಾಲ್ಸಿಯಂನಿಂದ ಚುರುಕಾಗುವ ಕ್ಯಾಲ್ಪೇನ್ ಎಂಬ ಇನ್ನೊಂದು ಕಿಣ್ವ ಕೋಶದ ಪ್ರೋಟೀನುಗಳನ್ನೇ ಕತ್ತರಿಸತೊಡಗುತ್ತದೆ. ಡಿಎನ್‌ಎ ದುರಸ್ತಿ ಮಾಡಬೇಕಾದ ಪಾರ್ಪ್ ಕಿಣ್ವವು ಮಿತಿಮೀರಿ ದುಡಿದು ಕೋಶದ ಶಕ್ತಿಯನ್ನು ಬರಿದುಮಾಡುತ್ತದೆ. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ದಂಡಕೋಶಗಳು ಸತ್ತ ಮೇಲೆ ಆ ದೋಷದ ನೇರ ಪೆಟ್ಟಿಲ್ಲದ ಶಂಕುಕೋಶಗಳೂ ಕ್ರಮೇಣ ಸಾಯುತ್ತವೆ. ರೋಗಿಯ ಓದು ಬರಹವನ್ನು ಕಸಿದುಕೊಳ್ಳುವುದು ಈ ಎರಡನೆಯ ಸಾವೇ.

ಇವುಗಳಲ್ಲಿ ಹೆಚ್ಚಿನ ವಿವರಗಳು ಇಲಿಗಳ ಮೇಲಿನ ಅಧ್ಯಯನದಿಂದ ತಿಳಿದವು. ಕ್ಯಾಲ್ಪೇನ್, ಪಾರ್ಪ್‌ಗಳನ್ನು ತಡೆಯುವ ಔಷಧಗಳು ಈ ಕಾಯಿಲೆಯ ಮಟ್ಟಿಗೆ ಇನ್ನೂ ಪ್ರಯೋಗಾಲಯದ ಹಂತದಲ್ಲಿವೆ. ಹಾಗೆಂದು ‘ಇದಕ್ಕೆ ಮದ್ದಿಲ್ಲ’ ಎಂದು ಕೈಚೆಲ್ಲುವುದು ಸರಿಯಲ್ಲ. ಎಲ್ಲ ರೋಗಿಗಳಲ್ಲೂ ಕೆಟ್ಟಿರುವುದು ಒಂದೇ ಜೀನ್ ಅಲ್ಲ. ಆರ್‌ಪಿಇ-65 ಎಂಬ ಕಿಣ್ವದ ಜೀನ್ ಕೆಟ್ಟಿರುವವರಿಗೆ ಅಮೆರಿಕದಲ್ಲಿ 2017ರ ಡಿಸೆಂಬರಿನಲ್ಲಿ ಜೀನ್ ಚಿಕಿತ್ಸೆಗೆ ಒಪ್ಪಿಗೆ ದೊರೆತಿದೆ. ಬಹಳ ದುಬಾರಿಯಾದ ಆ ಚಿಕಿತ್ಸೆ ಅಕ್ಷಿಪಟಲದಲ್ಲಿ ಜೀವಂತ ಕೋಶಗಳು ಸಾಕಷ್ಟು ಉಳಿದಿದ್ದರೆ ಮಾತ್ರ ಫಲ ಕೊಡುತ್ತದೆ. ಇನ್ನು, ಎಬಿಸಿಎ-4 ಜೀನ್‌ನ ದೋಷವಿರುವವರಿಗೆ ‘ಎ’ ಜೀವಸತ್ವವನ್ನು ಹೆಚ್ಚಾಗಿ ಕೊಟ್ಟರೆ ಹಾನಿಯೇ ಆಗಬಹುದು. ಯಾವ ಜೀನ್ ಎಂದು ತಿಳಿಯದೆ ದೊಡ್ಡ ಪ್ರಮಾಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸುವುದು ಎಷ್ಟು ಸರಿ?

ಆದ್ದರಿಂದ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರೋಗ್ಯ ಇಲಾಖೆಯವರಲ್ಲಿ ನನ್ನ ವಿನಂತಿಯಿಷ್ಟೆ: ಶಾಲಾ ಮಕ್ಕಳ ಕಣ್ಣಿನ ತಪಾಸಣೆಯಲ್ಲಿ ಕತ್ತಲೆಯಲ್ಲಿ ನಡೆಯಲು ಕಷ್ಟವಾಗುತ್ತದೆಯೇ ಎಂಬುದನ್ನೂ, ತಂದೆತಾಯಿಗಳದ್ದು ರಕ್ತಸಂಬಂಧದ ಮದುವೆಯೇ ಎಂಬುದನ್ನೂ ಕೇಳಿ ಬರೆದುಕೊಳ್ಳಲಿ, ಸಂಶಯ ಬಂದವರನ್ನು ಅಕ್ಷಿಪಟಲ ತಜ್ಞರಲ್ಲಿಗೆ ಕಳುಹಿಸಲಿ. ಮಣಿಪಾಲದಲ್ಲಿ ವೈದ್ಯಕೀಯ ತಳಿಶಾಸ್ತ್ರದ ವಿಭಾಗವೇ ಇರುವಾಗ, ಜೀನ್ ಪರೀಕ್ಷೆಯ ಖರ್ಚನ್ನು ಬಡ ಕುಟುಂಬಗಳ ಪರವಾಗಿ ಸರಕಾರ ಭರಿಸುವ ವ್ಯವಸ್ಥೆಯನ್ನು ಈ ಎರಡು ಜಿಲ್ಲೆಗಳಿಂದಲೇ ಆರಂಭಿಸಬಹುದು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಉಡುಪಿ