ಹಾರ್ನ್ ಕೇಳಿದರೆ ಮೊದಲು ಹಿಂದೆ ನೋಡು

ಪ್ರೀತಿಯ ಪುಟ್ಟಿ,

ಭಾನುವಾರ ಸಂಜೆ ನಿನ್ನ ರೈಲಿನ ವಿಡಿಯೊ ನೋಡಿ ನಾನು ಬೈದಾಗ ಫೋನ್ ಇಟ್ಟವಳು ಆಮೇಲೆ ನನ್ನ ಕರೆ ಎತ್ತಿಲ್ಲ. ಅಮ್ಮನ ಹತ್ತಿರ ಮಾತ್ರ ಮಾತಾಡಿದೆಯಂತೆ. ಶನಿವಾರ ಗೆಳೆಯರ ಜೊತೆ ಕ್ಯಾಸಲ್‌ರಾಕ್‌ಗೆ ಹೊರಟಿದ್ದೀಯಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ, ದನಿ ಏರಿಬಿಡುತ್ತದೆ. ಅಮ್ಮ ಈ ಹಾಳೆಗಳ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ. ಅವತ್ತು ಯಾರು ಏನು ಅಂದರು ಅನ್ನುವುದನ್ನು ಮತ್ತೆ ಕೆದಕುವುದು ಬೇಡ, ಇಬ್ಬರಿಗೂ ನೆನಪಿದೆ.

ಮೊದಲು ನಿನ್ನ ವಿಡಿಯೊ ಬಗ್ಗೆ ಹೇಳುತ್ತೇನೆ. ತುಂಬಾ ಚೆನ್ನಾಗಿದೆ ಮಗಳೇ. ಟೇಕಲ್ ಬೆಟ್ಟದ ಬಂಡೆಗಳು, ಆ ತಿರುವು, ತಿರುವಿನಲ್ಲಿ ಮೊದಲು ಕಪ್ಪು ಹೊಗೆ, ಆಮೇಲೆ ಎಂಜಿನ್. ನಾನು ಅದನ್ನು ಎಷ್ಟು ಸಲ ನೋಡಿದೆ ಅಂತ ಅಮ್ಮನನ್ನು ಕೇಳು. ಮುಂದೆ ನಮ್ಮ ಕೃಷ್ಣರಾಜಪುರ ಶೆಡ್ಡಿನ ಹಳೆಯ ಆಲ್ಕೊ, ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ ಡೀಸೆಲ್ ಎಂಜಿನ್. ಅದರ ಹಿಂದೆ ಡಬ್ಲ್ಯುಎಜಿ-9, ಗೂಡ್ಸ್ ಎಳೆಯುವ ವಿದ್ಯುತ್ ಎಂಜಿನ್. ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ಅದರ ಎರಡೂ ಪ್ಯಾಂಟೋಗ್ರಾಫ್ ಕೆಳಗಿದ್ದವು, ಅಂದರೆ ಎಂಜಿನ್ ಡೆಡ್. ಹಿಂದೆ ಕಂಟೇನರ್ ಗಾಡಿಯ 45 ವ್ಯಾಗನ್‌ಗಳು. ವೈಟ್‌ಫೀಲ್ಡ್‌ನಿಂದ ಹೊರಟದ್ದು ದಾರಿಯಲ್ಲಿ ಕೆಟ್ಟು ನಿಂತಿರಬೇಕು, ರಿಲೀಫ್ ಎಂಜಿನ್ ಅಂತ ಇದನ್ನು ಕಳಿಸಿರಬೇಕು. 6,000 ಅಶ್ವಶಕ್ತಿಗೂ ಮೇಲಿನ, 123 ಟನ್ ತೂಕದ ಎಂಜಿನ್ ಸುಮ್ಮನೆ ಹಿಂದೆ ಉರುಳುತ್ತಿದೆ. 3100 ಅಶ್ವಶಕ್ತಿಯ ಮುದುಕ ಅದನ್ನೂ ಇಡೀ ಗಾಡಿಯನ್ನೂ ಎಳೆಯುತ್ತಿದ್ದಾನೆ. ನನ್ನ ಕಣ್ಣು ತುಂಬಿ ಬಂತು.

ಬೋಗಿ, ಅಂದರೆ ಗಾಲಿಗಳ ಚೌಕಟ್ಟು ನೋಡಿಯೇ ಮುಂದಿನದು ಗೂಡ್ಸಿಗೆಂದೇ ಮಾಡಿದ ಡಬ್ಲ್ಯುಡಿಜಿ ಅಲ್ಲ, ಗೂಡ್ಸ್ ಪ್ಯಾಸೆಂಜರ್ ಎರಡಕ್ಕೂ ಓಡುವ ಡಬ್ಲ್ಯುಡಿಎಂ-3ಎ ಅಂತ ನೀನು ಹೇಳುತ್ತೀಯಲ್ಲ, ಅದಕ್ಕೆ ನನಗೆ ಹೆಮ್ಮೆಯಾಯಿತು. ಮೂರು ಗಾಲಿಗಳ ನಡುವಿನ ಅಂತರ ಒಂದೇ ಸಮ ಇಲ್ಲದಿರುವುದನ್ನು ಗಮನಿಸುವವರು ಕಡಿಮೆ. ಶೆಡ್ಡಿನಲ್ಲಿ ಕೆಲಸ ಕಲಿಯಲು ಬಂದ ಹುಡುಗರಿಗೇ ನಾವು ಅದನ್ನು ತೋರಿಸಿಕೊಡಬೇಕಿತ್ತು. ಎಂಜಿನ್ನಿನ ನಂಬರ್ ನನಗೆ ಸ್ಪಷ್ಟವಾಗಿ ಕಾಣಲಿಲ್ಲ. ನಿನ್ನ ಹತ್ತಿರ ಇದ್ದರೆ ಕಳಿಸು. ನಾನು ಓಡಿಸಿದ ಎಂಜಿನ್ನೇ ಇರಬಹುದು.

ಈ ಎಂಜಿನ್‌ಗಳ ಮೇಲೆ ನಿನಗೆ ಇಷ್ಟು ಪ್ರೀತಿ ಯಾಕೆ ಅಂತ ನಾನು ಕೇಳುವಂತಿಲ್ಲ. ಅದು ನನ್ನಿಂದಲೇ ಬಂದದ್ದು. ಅಮೆರಿಕದ ಆ ಕಂಪನಿ 1969ರಲ್ಲೇ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ನಮ್ಮ ವಾರಾಣಸಿಯಲ್ಲಿ 1964ರಲ್ಲಿ ಶುರುವಾದ ಕೆಲಸ ಮಾತ್ರ ದಶಕಗಟ್ಟಲೆ ನಡೆಯಿತು. 2600 ಅಶ್ವಶಕ್ತಿಯ ಹಳೆಯ ಎಂಜಿನ್‌ಗಳನ್ನು ಪಟಿಯಾಲಾದಲ್ಲಿ ಬಿಚ್ಚಿ ಜೋಡಿಸಿ 3100ಕ್ಕೆ ಏರಿಸಿದರು. ತಾಯಿಮನೆ ಮುಚ್ಚಿದ ಮೇಲೂ ಸಂಸಾರ ನಡೆಸಿದ ಎಂಜಿನ್ ಅದು. ಹದಿನಾರು ಸಿಲಿಂಡರ್‌ಗಳ ಆ ಸದ್ದು ಇನ್ನು ಜಾಸ್ತಿ ದಿನ ಕೇಳುವುದಿಲ್ಲ. ಎಲ್ಲ ಕಡೆ ತಂತಿ ಬಂದಿದೆ, ಶೆಡ್ಡುಗಳಲ್ಲಿ ವಿದ್ಯುತ್ ಎಂಜಿನ್ ತುಂಬಿವೆ. ನೀವು ಓಡಾಡಿ ಇದನ್ನೆಲ್ಲ ಹಿಡಿದಿಡುತ್ತಿರುವುದು ಒಳ್ಳೆಯ ಕೆಲಸ. ಬಿಡು ಅಂತ ನಾನು ಎಂದೂ ಹೇಳುವುದಿಲ್ಲ.

ಆದರೆ ಆ ವಿಡಿಯೊದಲ್ಲಿ ಇನ್ನೊಂದು ವಿಷಯವಿದೆ. ಗಾಡಿ ಹತ್ತಿರ ಬಂದಾಗ ನೀನು ಕ್ಯಾಮೆರಾ ತಿರುಗಿಸುತ್ತೀಯ. ಆಗ ತಂತಿ ಹಿಡಿದ ಕಂಬ ಒಂದು ಕ್ಷಣ ಕಾಣುತ್ತದೆ. ಕಂಬ ನಿನ್ನ ಒಂದು ಪಕ್ಕ, ಹಳಿ ಇನ್ನೊಂದು ಪಕ್ಕ. ನೀನು ಕಂಬದ ಒಳಗೆ ನಿಂತಿದ್ದೆ ಪುಟ್ಟಿ. ನಿನಗೂ ಆ ಗೂಡ್ಸ್ ಗಾಡಿಗೂ ನಡುವೆ ಇನ್ನೊಂದು ಹಳಿ ಇತ್ತು. ಅದು ಖಾಲಿ ಇರುತ್ತದೆ ಅಂತ ನಿನಗೆ ಹೇಳಿದವರು ಯಾರು? ಡ್ರೈವರ್ ಉದ್ದಕ್ಕೆ ಹಾರ್ನ್ ಹೊಡೆಯುತ್ತಾನೆ. ನಿಮ್ಮವರು ಯಾರೋ ‘ಹೋ’ ಅಂತ ಕೂಗುತ್ತಾರೆ. ಭಾನುವಾರ ಅಲ್ಲಿಗೆ ನನಗೆ ಕೈ ನಡುಗಿತು. ಬೈದದ್ದು ಅದಕ್ಕೆ. ಬೈದದ್ದಕ್ಕೆ ಬೇಸರವಿದೆ, ಹೆದರಿದ್ದಕ್ಕೆ ಇಲ್ಲ.

ನಿನಗೆ ಒಂದು ಸಂಗತಿ ಹೇಳಬೇಕು. ಮನೆಯಲ್ಲಿ ಇದನ್ನು ಯಾರಿಗೂ ಹೇಳಿಲ್ಲ. ನೀನು ಆಗ ಶಾಲೆಯಲ್ಲಿದ್ದೆ.

ಮಾಲೂರು ದಾಟಿದ ಮೇಲೆ ಒಂದು ಸ್ಟೇಷನ್ನಿನ ಲೂಪಿನಿಂದ, ಅಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸುವ ಹಳಿಯಿಂದ, ಹೊರಟಿದ್ದೆ. ಸಿಮೆಂಟ್ ತುಂಬಿದ ಗಾಡಿ, ಇದೇ ಜಾತಿಯ ಎಂಜಿನ್, ಲಾಂಗ್ ಹುಡ್ ಮುಂದಾಗಿ. ನಿನ್ನ ವಿಡಿಯೊದಲ್ಲೂ ಹಾಗೇ ಇದೆ, ಗಮನಿಸಿದೆಯಾ? ಹಾಗೆ ಹೋಗುವಾಗ ಡ್ರೈವರ್ ಮುಂದೆ ಉದ್ದನೆಯ ಬಾನೆಟ್ ಇರುತ್ತದೆ. ನಾನು ಎಡಕ್ಕೆ ಕೂತಿದ್ದೆ. ಬಲಗಡೆಯ ಹತ್ತಿರದ ಜಾಗ ನನಗೆ ಕಾಣುವುದೇ ಇಲ್ಲ, ಅಸಿಸ್ಟೆಂಟ್ ನೋಡಿ ಹೇಳಬೇಕು. ಭಾರದ ಗಾಡಿ, ಒಂದೊಂದೇ ನಾಚ್, ಅಂದರೆ ಶಕ್ತಿಯ ಒಂದೊಂದೇ ಮೆಟ್ಟಿಲು, ಏರಿಸುತ್ತಿದ್ದೆ. ಒಳಗೆ ಗಾಳಿ ತುಂಬುವ ಟರ್ಬೊ ವೇಗ ಹಿಡಿಯುವ ಮೊದಲೇ ಡೀಸೆಲ್ ಒಳಗೆ ಹೋಗಿರುತ್ತದೆ, ಉರಿಯಲು ಗಾಳಿ ಸಾಲುವುದಿಲ್ಲ. ಅದಕ್ಕೇ ಆ ಕಪ್ಪು ಹೊಗೆ. ನೀವೆಲ್ಲ ಕಾದು ನಿಲ್ಲುವುದು ಆ ಹೊಗೆಗೆ, ಆ ಸದ್ದಿಗೆ ಅಲ್ವಾ?

‘ಸರ್, ಹುಡುಗ’ ಅಂತ ಅಸಿಸ್ಟೆಂಟ್ ಕೂಗಿದ. ಎದ್ದು ಅವನ ಕಡೆ ಬಗ್ಗಿ ನೋಡಿದೆ. ನಮ್ಮ ಹಳಿಗೂ ಪಕ್ಕದ ಹಳಿಗೂ ನಡುವೆ, ಜಲ್ಲಿಯ ಮೇಲೆ, ಒಬ್ಬ ಹುಡುಗ ಕ್ಯಾಮೆರಾ ಹಿಡಿದು ನಿಂತಿದ್ದಾನೆ. ನಮ್ಮ ಎಂಜಿನ್ನನ್ನೇ ನೋಡುತ್ತಿದ್ದಾನೆ. ಅವನ ಬೆನ್ನ ಹಿಂದೆ, ಪಕ್ಕದ ಹಳಿಯಲ್ಲಿ, ಎದುರಿನಿಂದ ಎಕ್ಸ್‌ಪ್ರೆಸ್ ಬರುತ್ತಿದೆ. ವಿದ್ಯುತ್ ಎಂಜಿನ್, ನೂರರ ಹತ್ತಿರದ ವೇಗ.

ನಾನು ಹಾರ್ನ್ ಒತ್ತಿ ಹಿಡಿದೆ. ಅವನು ನಕ್ಕ. ನಕ್ಕು ಕೈ ಎತ್ತಿ ಬೀಸಿದ.

ನಿನಗೆ ಗೊತ್ತು, ನಿಮ್ಮಂಥವರು ನಿಂತಿದ್ದರೆ ನಮ್ಮಲ್ಲಿ ಎಷ್ಟೋ ಜನ ಖುಷಿಗೆ ಹಾರ್ನ್ ಹೊಡೆಯುತ್ತಾರೆ. ಅವನೂ ಹಾಗೇ ತಿಳಿದುಕೊಂಡ. ನಾನು ಇನ್ನಷ್ಟು ಒತ್ತಿದೆ, ಅವನು ಇನ್ನಷ್ಟು ಕೈ ಬೀಸಿದ. ನಮ್ಮ ಎಂಜಿನ್ ಹತ್ತಿರ ಬಂದಷ್ಟೂ ಸದ್ದು ಹೆಚ್ಚಾಗುತ್ತದೆ. ಆ ಸದ್ದಿನೊಳಗೆ ಹಿಂದಿನ ಗಾಡಿಯ ಸದ್ದು ಮುಳುಗಿಹೋಗಿತ್ತು. ಅದರ ಹಾರ್ನ್ ಕೂಡ ಅವನಿಗೆ ನಮ್ಮದೇ ಅನ್ನಿಸಿರಬೇಕು. ನಾಚ್ ಇಳಿಸಿದೆ, ಬ್ರೇಕ್ ಹಾಕಿದೆ, ಎದುರಿನವನಿಗೆ ಕಾಣಲಿ ಅಂತ ಫ್ಲಾಶರ್ ಲೈಟ್ ಹಾಕಿದೆ. ಅವನೂ ಬ್ರೇಕ್ ಹಾಕಿದ. ಆದರೆ ಆ ವೇಗದಲ್ಲಿ ಬರುವ ಗಾಡಿ ಹಾಕಿದ ಜಾಗದಲ್ಲಿ ನಿಲ್ಲುತ್ತದೆಯೇ? ಅಸಿಸ್ಟೆಂಟ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ‘ಹಿಂದೆ, ಹಿಂದೆ’ ಅಂತ ಕೈ ಮಾಡಿದ. ಹುಡುಗ ತಿರುಗಿದ್ದನ್ನು ನಾನು ನೋಡಲಿಲ್ಲ. ಅಷ್ಟರಲ್ಲಿ ಅವನು ಬಾನೆಟ್ಟಿನ ಮರೆಗೆ ಹೋಗಿದ್ದ.

ಆಮೇಲಿನದ್ದು ನನಗೆ ಇವತ್ತಿಗೂ ನಿದ್ದೆ ಕೆಡಿಸುತ್ತದೆ. ಎಕ್ಸ್‌ಪ್ರೆಸ್ಸಿನ ಡಬ್ಬಿಗಳು ಪಕ್ಕದಲ್ಲಿ ಹಾದುಹೋಗುತ್ತಿವೆ. ನನ್ನ ಗಾಡಿ ಇನ್ನೂ ಜಾರುತ್ತಿದೆ. ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ. ಹಾರ್ನ್ ಮೇಲಿಂದ ಕೈ ತೆಗೆಯುವುದು ಮರೆತಿತ್ತು, ಅಸಿಸ್ಟೆಂಟ್ ಬಂದು ತೆಗೆಸಿದ. ಗಾಡಿ ನಿಂತಿತು. ಇಳಿದು ಹೋಗಿ ನೋಡಲು ಕಾಲು ಬರಲಿಲ್ಲ. ವಾಕಿಟಾಕಿಯಲ್ಲಿ ಗಾರ್ಡ್ ಹೇಳಿದರು, ‘ಜೀವ ಇದೆ’.

ಎರಡು ಗಾಡಿಗಳ ನಡುವೆ ಮಂಡಿಯೂರಿ, ತಲೆ ತಗ್ಗಿಸಿ ಕೂತುಬಿಟ್ಟಿದ್ದನಂತೆ. ಕೈ ತರಚಿತ್ತು, ಅಷ್ಟೇ. ಹಳಿಗಳ ನಡುವೆ ಜಾಗ ಇರುತ್ತದಲ್ಲ ಅನ್ನಬೇಡ. ಎರಡು ಕಡೆಯೂ ಗಾಡಿ ಬಂದಾಗ ಅಲ್ಲಿ ಉಳಿಯುವುದು ಒಬ್ಬ ಮನುಷ್ಯನ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಗಾಳಿ ಬೇರೆ ಎಳೆದಾಡುತ್ತದೆ. ಎಡವಿದ್ದರೆ, ಬ್ಯಾಗಿನ ಪಟ್ಟಿ ಒಂದು ಸಿಕ್ಕಿಕೊಂಡಿದ್ದರೆ, ಮುಗಿಯಿತು. ಅವನ ಅಪ್ಪನಿಗೆ ಈ ವಿಷಯ ಗೊತ್ತಾಯಿತೋ ಇಲ್ಲವೋ. ನನಗಂತೂ ಆ ನಗು ಮರೆಯಲಾಗಲಿಲ್ಲ. ನನ್ನ ಎಂಜಿನ್ ನೋಡಿ ನಕ್ಕ ಮುಖ ಅದು.

ನಿನ್ನ ವಿಡಿಯೊದಲ್ಲಿ ಹಾರ್ನ್ ಕೇಳಿದಾಗ ನನಗೆ ಕಂಡದ್ದು ಆ ಮುಖ. ಇದನ್ನು ಮೊದಲೇ ಹೇಳಿದ್ದರೆ ಭಾನುವಾರದ ಮಾತು ನಿನಗೆ ಅರ್ಥವಾಗುತ್ತಿತ್ತು. ಹೇಳಿದರೆ ನೀನು ಹಳಿಯ ಹತ್ತಿರವೇ ಬರುವುದಿಲ್ಲವೇನೋ ಅಂತ ಹೇಳದೆ ಉಳಿದೆ, ಆ ಆಸೆಬುರುಕತನ ನನ್ನದು. ನನ್ನ ಕೆಲಸವನ್ನು ಮನೆಯಲ್ಲಿ ಪ್ರೀತಿಸಿದವಳು ನೀನೊಬ್ಬಳೇ.

ಈಗ ಬುದ್ಧಿ ಹೇಳುವುದಿಲ್ಲ ಅಂದುಕೊಂಡೇ ಕೂತಿದ್ದೆ, ಆದರೂ ಹೇಳುತ್ತೇನೆ. ಕಂಬದ ಒಳಗೆ ಕಾಲಿಡಬೇಡ. ಹಳಿಗಳ ನಡುವೆ ನಿಲ್ಲುವುದಂತೂ ಬೇಡವೇ ಬೇಡ. ಟೇಕಲ್‌ನಲ್ಲಿ ಬಂಡೆಗಳಿವೆ, ಅಲ್ಲಿಂದ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ. ಮೇಲ್ಸೇತುವೆ ಇದೆ, ಮುಚ್ಚಿದ ಗೇಟಿನ ಹೊರಗಡೆ ಜಾಗ ಇದೆ. ಗುಂಪಿನಲ್ಲಿ ಹೋದಾಗ ಒಬ್ಬರು ಕ್ಯಾಮೆರಾ ಹಿಡಿಯಬಾರದು, ಎರಡೂ ಕಡೆ ನೋಡುವುದೇ ಅವರ ಕೆಲಸ. ಕಿವಿಗೆ ಏನೂ ಹಾಕಿಕೊಳ್ಳಬೇಡ. ಸೆಲ್ಫಿ ಸ್ಟಿಕ್ ತೆಗೆದುಕೊಂಡು ಹೋಗಬೇಡ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಅದು ಹಿಡಿಯಲು ಮುಟ್ಟಲೇಬೇಕು ಅಂತೇನಿಲ್ಲ. ಎರಡು ಮೀಟರ್ ದೂರ ಇರಬೇಕು ಅಂತ ನಮಗೆ ಕಲಿಸಿದ್ದಾರೆ. ಡ್ರೈವರ್ ಕಣ್ಣಿಗೆ ಫ್ಲಾಶ್ ಹೊಡೆಯಬೇಡ. ಅಪ್ಪಣೆಯಿಲ್ಲದೆ ಹಳಿಗೆ ಇಳಿಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನನಗೆ ದಂಡದ ಚಿಂತೆಯಿಲ್ಲ. ತುಂಬಿದ ಗೂಡ್ಸ್ ಗಾಡಿ ವೇಗದಲ್ಲಿದ್ದರೆ ನಿಲ್ಲಲು ಮುಕ್ಕಾಲು ಕಿಲೋಮೀಟರೋ ಒಂದು ಕಿಲೋಮೀಟರೋ ಬೇಕು. ಒಳಗೆ ಕೂತವನ ಕೈಯಲ್ಲಿ ಹಾರ್ನ್ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಆ ಹಾರ್ನಿಗೂ ನೀವು ಕೈ ಬೀಸಿದರೆ ಅವನು ಏನು ಮಾಡಬೇಕು ಹೇಳು?

ನೋಡು, ಮತ್ತೆ ಅಲ್ಲಿಗೇ ಬಂದೆ.

ಹಳೆಯ ಡೀಸೆಲ್ ಎಂಜಿನ್ ಮಾತ್ರ ಓಡುತ್ತಿದ್ದ ಕಾಲದಲ್ಲಿ ಗಾಡಿ ದೂರದಿಂದಲೇ ಗೊತ್ತಾಗುತ್ತಿತ್ತು, ಹಳಿಯ ಪಕ್ಕದ ಊರಿನವರು ಸದ್ದು ಕೇಳಿಯೇ ದಾಟುತ್ತಿದ್ದರು. ಈಗ ಹಾಗಲ್ಲ. ನೀವು ಹುಡುಕಿಕೊಂಡು ಹೋಗುವುದು ಸದ್ದು ಮಾಡುವ ಎಂಜಿನ್ನನ್ನು. ಹತ್ತಿರದ ಹಳಿಯಲ್ಲಿ ಬರುವುದು ಸದ್ದಿಲ್ಲದ್ದು. ಆಲ್ಕೊ ಕಂಡಿತು ಅಂದಕೂಡಲೇ ನಿನ್ನ ಕಣ್ಣು ಕಿವಿ ಎರಡೂ ಅದಕ್ಕೇ ಹೋಗುತ್ತವೆ. ನನಗೂ ಹಾಗೇ ಆಗುತ್ತದೆ, ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಹಾರ್ನ್ ಕೇಳಿದರೆ ಮೊದಲು ಹಿಂದೆ ನೋಡು. ಕೈ ಆಮೇಲೆ ಬೀಸು. ಅಷ್ಟರಲ್ಲಿ ಚಿತ್ರ ತಪ್ಪಿಹೋದರೆ ಹೋಗಲಿ.

ಕ್ಯಾಸಲ್‌ರಾಕ್‌ಗೆ ಹೋಗು, ನಾನು ಬೇಡ ಅನ್ನುವುದಿಲ್ಲ. ಕುಲೆಂವರೆಗಿನ ಆ ಘಾಟಿಯಲ್ಲಿ ಮೂವತ್ತೇಳು ಮೀಟರ್ ಹೋದರೆ ಒಂದು ಮೀಟರ್ ಏರು. ಮುಂದೆ ಎಂಜಿನ್ ಇದ್ದರೂ ಸಾಲದು, ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ತಳ್ಳಬೇಕು. ಇಳಿಯುವಾಗ ಹಿಡಿದುಕೊಳ್ಳಲೂ ಅವೇ ಬೇಕು. ಹುಬ್ಬಳ್ಳಿಯ 4000 ಅಶ್ವಶಕ್ತಿಯ ಎಂಜಿನ್‌ಗಳು ಆ ಘಾಟಿಯಲ್ಲಿ ದುಡಿದ ರೀತಿಯ ಬಗ್ಗೆ ಒಂದು ಇಡೀ ದಿನ ಮಾತಾಡಬಹುದು, ನೀನು ಬಂದಾಗ ಮಾತಾಡೋಣ. ಆದರೆ ಅಲ್ಲಿಂದ ದೂಧಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವ ಯೋಚನೆ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಇದ್ದರೆ ಈಗಲೇ ಬಿಡಿಸು. ಸುರಂಗಗಳಿವೆ, ಮಳೆಯ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಹಾಗೆ ನಡೆಯಬೇಡಿ ಅಂತ 2023ರಲ್ಲಿ ನೈಋತ್ಯ ರೈಲ್ವೆಯೇ ಜನರನ್ನು ಕೇಳಿಕೊಂಡಿತ್ತು. ಬ್ಯಾಂಕರ್ ಜೋಡಿಸುವುದನ್ನು, ಬಿಚ್ಚುವುದನ್ನು ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ನಿಂತು ನೆಮ್ಮದಿಯಾಗಿ ನೋಡಬಹುದು. ಅದಕ್ಕೆ ಸಮಯ ಹಿಡಿಯುತ್ತದೆ, ಬೇಕಾದಷ್ಟು ಚಿತ್ರ ಸಿಗುತ್ತದೆ.

ಹೊರಡುವ ಮೊದಲು ಒಂದು ಸಲ ಫೋನ್ ಮಾಡು. ಬೈಯುವುದಿಲ್ಲ. ಕೊಡೆ ಬೇಡ, ರೈನ್‌ಕೋಟ್ ಇಟ್ಟುಕೊ. ಜೊತೆಗೆ ಬರುವವರಲ್ಲಿ ಇಬ್ಬರ ನಂಬರ್ ಅಮ್ಮನಿಗೆ ಕಳಿಸು. ಹಿಂದೆ ನೋಡುವ ಸರದಿ ಯಾರದು ಅನ್ನುವುದನ್ನು ಬೆಂಗಳೂರಿನಲ್ಲೇ ಗೊತ್ತು ಮಾಡಿಕೊಳ್ಳಿ, ಅಲ್ಲಿ ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಇಂತಿ,
ನಿನ್ನ ಅಪ್ಪ