ಇಮ್ಯುನಿಟಿ ಪುಡಿಗೂ ಒಂದು ಮೂಗುದಾರ ಬೇಕು

ಮಾನ್ಯರೇ,

ನನ್ನ ಹೆಂಡತಿಗೆ ಆರು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲಿನ ಕಾಯಿಲೆ ಇದೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗಿಕೊಂಡು ಚೆನ್ನಾಗಿಯೇ ಇದ್ದಳು. ಹೋದ ಚಳಿಗಾಲದಲ್ಲಿ ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಒಂದು ಉಚಿತ ಶಿಬಿರ ನಡೆಯಿತು. 'ಕೀಲು ನೋವಾ ಅಮ್ಮಾ? ಇಮ್ಯುನಿಟಿ ಕಮ್ಮಿ ಆಗಿದೆ. ಈ ಪುಡಿ ಕುಡೀರಿ, ಮಾತ್ರೆ ಬಿಟ್ಟುಬಿಡಿ' ಎಂದರು. ಶಿಬಿರ ಉಚಿತ, ಡಬ್ಬಿಗೆ 1,800 ರೂಪಾಯಿ. ನಾನೇ ದುಡ್ಡು ಕೊಟ್ಟೆ. ಎರಡೇ ತಿಂಗಳಲ್ಲಿ ಬೆರಳಿನ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಒಂಬತ್ತಾದರೂ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ನಲ್ಲಿ ತಿರುಗಿಸಲು ನನ್ನನ್ನು ಕೂಗುತ್ತಿದ್ದಳು. ರೊಟ್ಟಿ ತಟ್ಟುವುದಂತೂ ನಿಂತೇ ಹೋಯಿತು.

ಡಾಕ್ಟರು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ಈ ಕಾಯಿಲೆಯಲ್ಲಿ ಇಮ್ಯುನಿಟಿ ಕಮ್ಮಿಯಾಗಿರುವುದಿಲ್ಲ, ದಾರಿ ತಪ್ಪಿರುತ್ತದೆ. ರೋಗಾಣುವಿನ ಮೇಲೆ ಬೀಳಬೇಕಾದದ್ದು ನಮ್ಮದೇ ಕೀಲಿನ ಮೇಲೆ ಬೀಳುತ್ತದೆ. ಟಿ ಸೆಲ್ ಅಂದರೆ ರೋಗಾಣುಗಳ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ. ಎತ್ತಿಗೆ ಮೂಗುದಾರ ಇದ್ದ ಹಾಗೆ ಅವುಗಳಲ್ಲೇ ರೆಗ್ಯುಲೇಟರಿ ಟಿ ಸೆಲ್ ಅಂತ ಇವೆ. ಉಳಿದ ಟಿ ಸೆಲ್‌ಗಳನ್ನು ಹದ್ದುಬಸ್ತಿನಲ್ಲಿಡುವುದೇ ಅವುಗಳ ಕೆಲಸ.

ಆಮೇಲೆ ನಾನೂ ಸ್ವಲ್ಪ ಓದಿದೆ. 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಇಲಿಗಳಲ್ಲಿ ಇಂಥ ಸೆಲ್‌ಗಳಿವೆ ಎಂದು ತೋರಿಸಿದಾಗ ಬಹಳ ಜನ ನಂಬಲೇ ಇಲ್ಲ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರು ಚರ್ಮ ಹುರುಪೆ ಎದ್ದು ಕೆಲವೇ ವಾರಗಳಲ್ಲಿ ಸಾಯುವ ಗಂಡು ಇಲಿಗಳಲ್ಲಿ ಫಾಕ್ಸ್‌ಪಿ3 ಎಂಬ ಜೀನ್ ಕೆಟ್ಟಿರುವುದನ್ನು ಪತ್ತೆ ಮಾಡಿದರು. ಅದೇ ಜೀನ್ ಕೆಟ್ಟ ಗಂಡುಮಕ್ಕಳಿಗೆ ಐಪೆಕ್ಸ್ ಎಂಬ ಅಪರೂಪದ ಕಾಯಿಲೆ. ಹಸುಗೂಸಿಗೇ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ. ಮೂಗುದಾರದ ಸೆಲ್‌ಗಳು ತಯಾರಾಗಲು ಈ ಜೀನೇ ಬೇಕು ಎಂಬುದು 2003ರಲ್ಲಿ ಗೊತ್ತಾಯಿತು. ಮೂವರಿಗೂ 2025ರ ನೊಬೆಲ್ ಬಂತು. ಸುದ್ದಿ ಪತ್ರಿಕೆಗಳಲ್ಲಿ ಬಂತು ನಿಜ, ಆದರೆ 'ಇಮ್ಯುನಿಟಿ ಬೂಸ್ಟರ್' ಜಾಹೀರಾತು ಬಂದಷ್ಟು ದೊಡ್ಡದಾಗಿ ಅಲ್ಲ.

ಈ ಸೆಲ್‌ಗಳನ್ನು ಲ್ಯಾಬಿನಲ್ಲಿ ಬೆಳೆಸಿ ರೋಗಿಗೇ ವಾಪಸ್ ಕೊಡುವ ಪ್ರಯೋಗಗಳು ನಡೆಯುತ್ತಿವೆ. ಕ್ಯಾನ್ಸರಿನಲ್ಲಿ ಕಥೆ ಉಲ್ಟಾ. ಗಡ್ಡೆ ಇವನ್ನೇ ಸುತ್ತ ಸೇರಿಸಿಕೊಂಡು ಬಚಾವಾಗುತ್ತದೆ, ಅಲ್ಲಿ ಮೂಗುದಾರ ಸಡಿಲಿಸಬೇಕು. ಹೀಗಿರುವಾಗ ಎಲ್ಲರಿಗೂ ಒಂದೇ ಪುಡಿ ಹೇಗೆ ಆಗುತ್ತದೆ? ನಾಳೆ 'ಟಿ ಸೆಲ್ ಪುಡಿ' ಅಂತಲೇ ಡಬ್ಬಿ ಬಂದರೂ ಬರಬಹುದು ಬಿಡಿ.

ಹೆಂಡತಿ ಮತ್ತೆ ಮಾತ್ರೆ ಶುರು ಮಾಡಿದ್ದಾಳೆ. ಹೋದ ವಾರ ಎರಡು ರೊಟ್ಟಿ ತಟ್ಟಿದಳು. ಎರಡು ಮೆಡಿಕಲ್ ಕಾಲೇಜುಗಳಿರುವ ಊರು ನಮ್ಮದು. ಅಲ್ಲಿನ ಡಾಕ್ಟರುಗಳಿಂದ ನೀವು ನಾಲ್ಕು ಸಾಲು ಬರೆಸಬಹುದು, ಅಲ್ವಾ? ಶಿಬಿರದಲ್ಲಿ ಏನು ಹೇಳಿ ಮಾರುತ್ತಾರೆ ಎಂದು ಆರೋಗ್ಯ ಇಲಾಖೆಯವರೂ ಒಮ್ಮೆ ಬಂದು ಕೇಳಲಿ. ಮುಂದಿನ ಭಾನುವಾರ ಮತ್ತೆ ಇದೆಯಂತೆ. ನಿನ್ನೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗುತ್ತಾ ಹೋದರು.

– ಓದುಗ, ದಾವಣಗೆರೆ