ಫೆರಿಕ್ ಕ್ಲೋರೈಡ್ ಸಿಂಕಿಗೆ ಬೇಡ

ಮಾನ್ಯರೇ,

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರವಾದಂತೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕಾಪರ್ ಕ್ಲ್ಯಾಡ್ ಶೀಟ್ (ತಾಮ್ರದ ಪದರವಿರುವ ಹಲಗೆ), ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ಪುಡಿ ತಂದು ಮನೆಯಲ್ಲೇ ಸರ್ಕಿಟ್ ಬೋರ್ಡ್ ಮಾಡುವ ವಿದ್ಯಾರ್ಥಿಗಳಿದ್ದಾರೆ. ಸರ್ಕಿಟ್ಟಿನ ಗೆರೆಗಳ ಪ್ರಿಂಟನ್ನು ಇಸ್ತ್ರಿಯಿಂದ ಒತ್ತಿ, ಅದರ ಟೋನರನ್ನು (ಲೇಸರ್ ಪ್ರಿಂಟರಿನ ಮಸಿಪುಡಿ) ತಾಮ್ರಕ್ಕೆ ಅಂಟಿಸಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಟೋನರ್ ಇಲ್ಲದ ಕಡೆಯ ತಾಮ್ರ ಕರಗಿಹೋಗುತ್ತದೆ. ಬೋರ್ಡ್ ಕೆಟ್ಟರೆ ದ್ರಾವಣವನ್ನು ಬೈಯುತ್ತಾರೆ. ತಪ್ಪು ಬಹುಪಾಲು ಬೆರಳಿನ ಜಿಡ್ಡಿನದು. ಉಜ್ಜಿ ತೊಳೆದ ತಾಮ್ರವನ್ನು ಮುಟ್ಟಿದಲ್ಲಿ ಟೋನರ್ ಹಿಡಿಯದೆ ಗೆರೆ ತುಂಡಾಗುತ್ತದೆ. ಇಂಕ್‌ಜೆಟ್ ಪ್ರಿಂಟಿನ ಮೇಲೆ ಎಷ್ಟು ಇಸ್ತ್ರಿ ಒತ್ತಿದರೂ ಪ್ರಯೋಜನವಿಲ್ಲ, ಲೇಸರ್ ಪ್ರಿಂಟೇ ಆಗಬೇಕು. ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ. ಪುಡಿಯ ಮೇಲೆ ನೀರು ಸುರಿದರೆ ಬಿಸಿಯೇರಿ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಾದರೆ ತಳವೇ ತೂತು!

ಇನ್ನು ಅರ್ಧಕ್ಕೆ ನಿಂತ ಬೋರ್ಡುಗಳು. ಅವು ಇಲ್ಲದ ಮೇಜುಂಟೇ? ಟೋನರ್ ಒರೆಸಿಟ್ಟ ತಾಮ್ರ ಕ್ರಮೇಣ ಕಪ್ಪಿಟ್ಟು, ಬೆಸುಗೆ ಹಿಡಿಯುವುದಿಲ್ಲ. ಕೆಲಸ ಮುಂದೂಡುವುದಾದರೆ ಟೋನರ್ ಹಾಗೇ ಇರಲಿ.

ಬಳಸಿದ ದ್ರಾವಣದಲ್ಲಿ ಕರಗಿದ ತಾಮ್ರವಿರುತ್ತದೆ, ಜಲಚರಗಳಿಗೆ ಅದು ವಿಷ. ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೊರೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಚಿಟಿಕೆ ಚಿಟಿಕೆಯಾಗಿ ಬೆರೆಸಿದರೆ ತಾಮ್ರ ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರನ್ನು ಅಪಾಯಕಾರಿ ತ್ಯಾಜ್ಯದ ಜೊತೆಗೇ ಕಳುಹಿಸಬೇಕು. ಕಾಲೇಜುಗಳು ಲ್ಯಾಬಿನಲ್ಲಿ ಇದಕ್ಕೆಂದೇ ಒಂದು ಡ್ರಮ್ ಇಟ್ಟು, ವಿದ್ಯಾರ್ಥಿಗಳು ಮನೆಯಿಂದ ತರುವ ದ್ರಾವಣವನ್ನೂ ಪಡೆಯಲಿ.

– ಹವ್ಯಾಸಿ ಎಲೆಕ್ಟ್ರಾನಿಕ್ಸ್ ಕೆಲಸಗಾರರು, ಬೆಂಗಳೂರು